ಸಂಜೆ 5 ಗಂಟೆಗೆ ಬಂದ ಆಳು

ನಮಸ್ಕಾರ. ಇವತ್ತಿನ ಮಾತು ಯೇಸು ಹೇಳಿದ ಕಥೆಗಳ ಬಗ್ಗೆ. ಅದನ್ನು ಒಂದು ಅಡಿಕೆ ಚಪ್ಪರದಿಂದ ಶುರು ಮಾಡುತ್ತೇನೆ.

ತೀರ್ಥಹಳ್ಳಿ ಕಡೆಯ ಒಂದು ಮನೆ. ಕೊಯ್ಲಿನ ಕಾಲ. ರಾತ್ರಿ 8 ಗಂಟೆ ಆಗಿತ್ತು. ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಮುಂದಿಟ್ಟುಕೊಂಡು ಹಸಿ ಅಡಿಕೆ ಸುಲಿಯುತ್ತಿದ್ದರು. ಅಡಿಕೆಯ ಕಲೆ ಹತ್ತಿ ಎಲ್ಲರ ಬೆರಳೂ ಕಪ್ಪಾಗಿದ್ದವು. ನಾನು ಪಕ್ಕದಲ್ಲಿ ಸುಮ್ನೆ ಕೂತಿದ್ದೆ. ಒಬ್ಬ ಅಜ್ಜಿ, "ಬಾಯಿಗೆ ಕೆಲಸ ಇಲ್ಲದಿದ್ರೆ ನಿಮ್ಮ ಚರ್ಚಿನ ಕಥೆ ಒಂದು ಹೇಳು ಮಾರಾಯ" ಅಂದರು. ಬೈಬಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆ ಹೇಳಿದೆ.

ಒಬ್ಬ ಯಜಮಾನ. ಅವನಿಗೊಂದು ದ್ರಾಕ್ಷಿ ತೋಟ. ಬೆಳಗಾಗುತ್ತಲೇ ಪೇಟೆಗೆ ಹೋಗಿ, ದಿನಕ್ಕೆ ಇಷ್ಟು ಕೂಲಿ ಅಂತ ಮಾತಾಡಿ ಆಳುಗಳನ್ನು ಕರೆದುಕೊಂಡು ಬರುತ್ತಾನೆ. 9 ಗಂಟೆಗೆ ಮತ್ತೆ ಹೋಗುತ್ತಾನೆ. 12ಕ್ಕೆ, 3ಕ್ಕೆ. ಸಂಜೆ 5ಕ್ಕೆ ಹೋದಾಗಲೂ ಕೆಲವರು ಅಲ್ಲೇ ನಿಂತಿರುತ್ತಾರೆ. ಯಾಕ್ರಪ್ಪಾ ದಿನವಿಡೀ ಸುಮ್ಮನೆ ನಿಂತಿದ್ದೀರಿ ಅಂದರೆ, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಅನ್ನುತ್ತಾರೆ. ಅವರನ್ನೂ ಕರೆತರುತ್ತಾನೆ. ಕತ್ತಲಾದ ಮೇಲೆ ಕೂಲಿ ಕೊಡುವಾಗ, ಒಂದು ಗಂಟೆ ದುಡಿದವನಿಗೂ ಪೂರ್ತಿ ದಿನದ ಕೂಲಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದವನಿಗೂ ಅಷ್ಟೇ.

ಅಜ್ಜಿಯ ಕೈ ನಿಂತೇ ಹೋಯಿತು. "ಇದ್ಯಾವ ನ್ಯಾಯ? ನಾಳೆ ಬೆಳಿಗ್ಗೆ ಅವನ ತೋಟಕ್ಕೆ ಯಾರು ಬರ್ತಾರೆ?"

ಅಲ್ಲಿ ಸುಲಿಯುವವರಿಗೆ ಡಬ್ಬದ ಲೆಕ್ಕ. ಎಷ್ಟು ಡಬ್ಬ ಸುಲಿದರೋ ಅಷ್ಟು ದುಡ್ಡು. ಹಾಗಾಗಿ ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. ಎಲ್ಲರೂ ಅಜ್ಜಿಯ ಪರ. ಅಷ್ಟರಲ್ಲಿ ಮೂಲೆಯಲ್ಲಿದ್ದ ಒಬ್ಬ ಹೆಂಗಸು, ಮಗುವಿಗೆ ಜ್ವರ ಅಂತ ಆವತ್ತು ತಡವಾಗಿ ಬಂದವರು, ತಲೆ ಎತ್ತದೆಯೇ ಹೇಳಿದರು: "5 ಗಂಟೆಗೆ ಬಂದವನ ಮನೇಲೂ ರಾತ್ರಿಗೆ ಅಷ್ಟೇ ಅಕ್ಕಿ ಬೇಕಲ್ವಾ?"

ಆಮೇಲೆ ಒಂದು ಗಂಟೆ ಹೊತ್ತು ಅಲ್ಲಿ ನಡೆದದ್ದು ಜಗಳವೇ.

ಈ ಕಥೆಯನ್ನು ನಾನು ಚಿಕ್ಕಂದಿನಿಂದ ಚರ್ಚಿನಲ್ಲಿ ಕೇಳುತ್ತಾ ಬಂದಿದ್ದೇನೆ. ಅಲ್ಲಿ ಯಾರಿಗೂ ಸಿಟ್ಟು ಬಂದದ್ದು ನೋಡಿಲ್ಲ. ತೋಟ ಅಂದರೆ ದೇವರ ರಾಜ್ಯ, ಕೂಲಿ ಅಂದರೆ ನಿತ್ಯಜೀವ, ತಡವಾಗಿ ಬಂದವರು ಅಂದರೆ ಕೊನೆಗಾಲದಲ್ಲಿ ಮನಸ್ಸು ತಿರುಗಿಸಿಕೊಂಡವರು. ಆಮೆನ್ ಅಂದು ಮನೆಗೆ ಬಂದು ಊಟ ಮಾಡುತ್ತೇವೆ. ಆ ರಾತ್ರಿ ನನಗೆ ಅನ್ನಿಸಿದ್ದು ಇಷ್ಟು: ಯೇಸು ಸ್ವಾಮಿ ಹೇಳಿದ ಹಾಗೆ ಆ ಕಥೆಯನ್ನು ಕೇಳಿಸಿಕೊಂಡವರು ಈ ಹೆಂಗಸರು. ನಾವಲ್ಲ.

ಯೇಸು ಹೇಳಿದ ಇಂಥ ಕಥೆಗಳನ್ನು ಪ್ರೊಟೆಸ್ಟೆಂಟರು ಸಾಮ್ಯ ಅನ್ನುತ್ತಾರೆ, ಕ್ಯಾಥೊಲಿಕರು ಸಾಮತಿ ಅನ್ನುತ್ತಾರೆ. ಗ್ರೀಕ್ ಮೂಲದಲ್ಲಿರುವ ಮಾತು ಪರಬೊಲೆ. ಒಂದರ ಪಕ್ಕದಲ್ಲಿ ಇನ್ನೊಂದನ್ನು ತಂದಿಡುವುದು ಅಂತ ಅದರ ಅರ್ಥ. ಯಾವುದರ ಪಕ್ಕದಲ್ಲಿ? ನನ್ನ ಪ್ರಕಾರ, ಕೇಳುವವನ ಬದುಕಿನ ಪಕ್ಕದಲ್ಲಿ.

ಯೇಸುವಿಗಿಂತ ಎಷ್ಟೋ ಮೊದಲೇ ಪ್ರವಾದಿ ನಾತಾನ ಇದನ್ನು ಮಾಡಿ ತೋರಿಸಿದ್ದ. ಇಸ್ರಾಯೇಲಿನ ದಾವೀದ ರಾಜ ತನ್ನ ಸೈನಿಕ ಊರೀಯನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡು ಊರೀಯನನ್ನು ಯುದ್ಧದಲ್ಲಿ ಸಾಯಿಸಿದ್ದ. ರಾಜನ ಎದುರು ನಿಂತು ಅದನ್ನು ಹೇಳುವುದು ಹೇಗೆ? ನಾತಾನ ಒಂದು ಕಥೆ ಹೇಳಿದ. ಬಡವನ ಹತ್ತಿರ ಇದ್ದದ್ದು ಒಂದೇ ಒಂದು ಕುರಿಮರಿ. ಮಂದೆಗಟ್ಟಲೆ ಕುರಿಯಿದ್ದ ಸಾಹುಕಾರ ಅದನ್ನೇ ಕಿತ್ತುಕೊಂಡು ಅತಿಥಿಗೆ ಅಡುಗೆ ಮಾಡಿಸಿದ. ದಾವೀದ ಕೆಂಡವಾದ. ಅಂಥವನು ಸಾಯಬೇಕು ಅಂದ. "ಆ ಮನುಷ್ಯ ನೀನೇ" ಅಂದ ನಾತಾನ. ತೀರ್ಪು ಕೊಟ್ಟಿದ್ದು ದಾವೀದನೇ, ಸಿಕ್ಕಿಬಿದ್ದಿದ್ದೂ ಅವನೇ.

ಒಳ್ಳೆಯ ಸಮಾರ್ಯನ ಕಥೆಯಲ್ಲೂ ಹೀಗೇ. ನನ್ನ ನೆರೆಯವನು ಯಾರು ಅಂತ ಕೇಳಿದ ಧರ್ಮಶಾಸ್ತ್ರಿಗೆ ಯೇಸು ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯ ಕಥೆ ಹೇಳುತ್ತಾರೆ. ಕಳ್ಳರು ಹೊಡೆದು ಬಿಟ್ಟುಹೋದ ಒಬ್ಬನನ್ನು ನೋಡಿಯೂ ಒಬ್ಬ ಯಾಜಕ, ದೇವಾಲಯದ ಸೇವೆಯ ಒಬ್ಬ ಲೇವಿಯ ದಾಟಿಹೋಗುತ್ತಾರೆ. ಸಮಾರ್ಯದವನೊಬ್ಬ ನಿಂತು, ಗಾಯ ಕಟ್ಟಿ, ಛತ್ರಕ್ಕೆ ಕರೆದೊಯ್ಯುತ್ತಾನೆ. ಕೊನೆಗೆ ಪ್ರಶ್ನೆಯನ್ನೇ ತಿರುಗಿಸುತ್ತಾರೆ: ಆ ಮೂವರಲ್ಲಿ ಗಾಯಗೊಂಡವನಿಗೆ ನೆರೆಯವನಾದವನು ಯಾರು? ಆ ಶಾಸ್ತ್ರಿಯ ಉತ್ತರ ಗಮನಿಸಿ. ಸಮಾರ್ಯದವನು ಅಂತ ಅವನು ಹೇಳುವುದಿಲ್ಲ. "ಕರುಣೆ ತೋರಿಸಿದವನು" ಅನ್ನುತ್ತಾನೆ. ಯೆಹೂದ್ಯರಿಗೂ ಸಮಾರ್ಯರಿಗೂ ಅಷ್ಟು ದ್ವೇಷ. ಆ ಜಾತಿಯ ಹೆಸರು ಅವನ ಬಾಯಿಗೇ ಬರಲಿಲ್ಲ. ನಮ್ಮ ಕಡೆ ಈ ಸಂಕಟ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆದರೆ ಇದೇ ಕಥೆಯನ್ನು ಹಿಂದಿನ ಕಾಲದ ದೊಡ್ಡ ಕ್ರೈಸ್ತ ಗುರು ಸಂತ ಅಗಸ್ಟೀನ್ ಹೇಗೆ ಓದಿದರು ನೋಡಿ. ಗಾಯಗೊಂಡವನು ಆದಾಮ, ಸಮಾರ್ಯದವನು ಕ್ರಿಸ್ತ, ಛತ್ರ ಅಂದರೆ ಚರ್ಚು, ಛತ್ರ ನೋಡಿಕೊಳ್ಳುವವನು ಅಪೊಸ್ತಲ ಪೌಲ. ಅವರ ಮೇಲೆ ನನಗೆ ಬಹಳ ಗೌರವ ಇದೆ. ಆದರೂ ಈ ಓದಿನಲ್ಲಿ ದಾರಿಯಲ್ಲಿ ಬಿದ್ದವನ ರಕ್ತ ಕಾಣುವುದಿಲ್ಲ. 19ನೇ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಯ ಆಡಾಲ್ಫ್ ಯೂಲಿಶರ್ ಎಂಬ ವಿದ್ವಾಂಸರು ಈ ತರಹದ ಓದನ್ನು ಬಲವಾಗಿ ಅಲ್ಲಗಳೆದರು. ಒಂದು ಸಾಮತಿಗೆ ಒಂದೇ ಮುಖ್ಯ ಅರ್ಥ ಅಂದರು. ಅದೂ ನನಗೆ ಸಾಲುವುದಿಲ್ಲ. ಒಂದೇ ಸಾಲಿನ ನೀತಿ ಸಾಕು ಅಂತಿದ್ದರೆ ಆ ಸಾಲನ್ನೇ ಹೇಳಬಹುದಿತ್ತು, ಕಥೆ ಯಾಕೆ ಬೇಕಿತ್ತು?

ಹಳ್ಳಿಯ ಜನರಿಗೆ ಸುಲಭವಾಗಿ ಅರ್ಥವಾಗಲಿ ಅಂತ ಯೇಸು ಕಥೆ ಹೇಳಿದರು ಅಂತಾರೆ. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯ ಓದಿ. ಬಿತ್ತಿದ ಬೀಜ ಬೇರೆ ಬೇರೆ ತರಹದ ಮಣ್ಣಿನ ಮೇಲೆ ಬೀಳುವ, ಬಿತ್ತುವವನ ಕಥೆ ಜೊತೆಗಿದ್ದ ಶಿಷ್ಯರಿಗೇ ಅರ್ಥವಾಗಿರಲಿಲ್ಲ. ಕಂಡರೂ ಕಾಣದಂತೆ, ಕೇಳಿದರೂ ಗ್ರಹಿಸದಂತೆ ಅನ್ನುವ ಪ್ರವಾದಿ ಯೆಶಾಯನ ಕಠಿಣ ಮಾತನ್ನು ಯೇಸು ಅಲ್ಲೇ ಎತ್ತುತ್ತಾರೆ. ಬೋಧನೆ ಮಾಡುವವರು ಜಾಸ್ತಿ ಮುಟ್ಟದೆ ದಾಟಿಬಿಡುವ ಮಾತು ಅದು. ನನಗೆ ಅದು ಹೀಗೆ ಅರ್ಥವಾಗುತ್ತದೆ: ದೂರ ನಿಂತು ಕೇಳುವವನಿಗೆ ಅದು ಬರೀ ಬೀಜದ ಕಥೆ. ಒಳಗೆ ಕಾಲಿಟ್ಟವನಿಗೆ ಮಾತ್ರ ತಾನು ಯಾವ ಮಣ್ಣು ಅಂತ ಭಯ ಹುಟ್ಟುತ್ತದೆ.

ಮತ್ತೆ ತೋಟಕ್ಕೆ ಬರುತ್ತೇನೆ. ಒಂದು ವಿಷಯ ನನಗೆ ಆ ಚಪ್ಪರದಲ್ಲಿ ಹೊಳೆಯಿತು. ಆ ಯಜಮಾನ ಕೂಲಿ ಕೊಡುವಾಗ ಕೊನೆಗೆ ಬಂದವರಿಂದ ಶುರು ಮಾಡಿಸುತ್ತಾನೆ. ಬೆಳಿಗ್ಗೆ ಬಂದವರಿಗೆ ಮೊದಲೇ ಕೊಟ್ಟು ಕಳಿಸಿದ್ದರೆ ಅವರು ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಮಾತಾಡಿದ ಕೂಲಿ ಕೈಗೆ ಬಂದಿರುತ್ತಿತ್ತು. ಗಲಾಟೆಯೇ ಇಲ್ಲ. ಆದರೆ ಅವರನ್ನು ನಿಲ್ಲಿಸಿ, ಅವರ ಕಣ್ಣೆದುರೇ ಕೊಡಿಸುತ್ತಾನೆ. ಅವರ ಜೊತೆ ನಮ್ಮನ್ನೂ ನಿಲ್ಲಿಸುತ್ತಾನೆ. ಆಮೇಲೆ ಕೇಳುತ್ತಾನೆ: ನಾನು ಒಳ್ಳೆಯವನಾದರೆ ನಿನಗೆ ಹೊಟ್ಟೆಕಿಚ್ಚೇ?

ಮಾರನೆಯ ರಾತ್ರಿ ನಾನು ಮತ್ತೆ ಹೋಗಿದ್ದೆ. ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಅಜ್ಜಿ ನನ್ನನ್ನು ನೋಡಿದವರೇ, "ಅದಕ್ಕೆ ಆ ಬೆಳಿಗ್ಗೆ ಬಂದವನು ಏನಂದ?" ಅಂತ ಕೇಳಿದರು.

"ಬೈಬಲಿನಲ್ಲಿ ಅದಿಲ್ಲ ಅಜ್ಜಿ. ಅವನ ಉತ್ತರ ಬರೆದಿಲ್ಲ."

ಅಜ್ಜಿ ನಾಲ್ಕು ಅಡಿಕೆ ಸುಲಿಯುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

"ನಾನಾಗಿದ್ರೆ ದುಡ್ಡಿನ ಮಾತು ಬಿಟ್ಟು ಬೇರೆ ಕೇಳ್ತಿದ್ದೆ. ಇವರನ್ನೂ ಬೆಳಿಗ್ಗೇನೇ ಯಾಕೆ ಕರೀಲಿಲ್ಲ ಅಂತ."