ಬ್ಯಾಗಿನಲ್ಲೊಂದು ಭೂತಗನ್ನಡಿ

ನಮಸ್ಕಾರ ಎಲ್ಲರಿಗೂ. ಈಗ ನಿಮಗೆ ಕಾಣುತ್ತಿರುವುದು ನನ್ನ ಮಂಚ. ಬಟ್ಟೆ ರಾಶಿಯ ಕೆಳಗೆ ನಿಜವಾಗಿಯೂ ಒಂದು ಮಂಚ ಇದೆ, ನಂಬಿ. ಬೇಸಿಗೆ ಶಿಬಿರಕ್ಕೆ ಇನ್ನೂ ಹನ್ನೊಂದು ದಿನ ಬಾಕಿ, ನಾನು ಆಗಲೇ ಮೂರು ಸಲ ಬ್ಯಾಗ್ ತುಂಬಿ ಮೂರು ಸಲ ಖಾಲಿ ಮಾಡಿದ್ದೇನೆ. ಶಿಬಿರಕ್ಕೆ ಬರುವ ಮಕ್ಕಳೂ ಇಷ್ಟು ಕುಣಿಯುವುದಿಲ್ಲವೇನೋ.

ಹೊಸಬರಿಗೆ ಒಂದು ಮಾತು. ಕಾಡಿನ ಅಂಚು, ಪಕ್ಕದಲ್ಲಿ ಹೊಳೆ, ಹತ್ತು ದಿನ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ನಡಿಗೆ, ಈಜು, ಆಟ, ರಾತ್ರಿ ಬೆಂಕಿ ಸುತ್ತ ಕೂತು ಹಾಡು. ದೇವರ ಬಗ್ಗೆ ಮಾತು ಇದ್ದೇ ಇರುತ್ತದೆ, ಆದರೆ ಯಾರೂ ತಲೆ ತಿನ್ನುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಅಕ್ಕಂದಿರಲ್ಲಿ ನಾನೂ ಒಬ್ಬಳು. ಇದು ನಾಲ್ಕನೇ ವರ್ಷ. ಫೋನ್ ಮೊದಲ ದಿನವೇ ಪೆಟ್ಟಿಗೆ ಸೇರುತ್ತದೆ, ಹಾಗಾಗಿ ಹತ್ತು ದಿನ ವೀಡಿಯೊ ಇರುವುದಿಲ್ಲ. ನಿಮಗೂ ಸ್ವಲ್ಪ ನೆಮ್ಮದಿ.

ಅಲ್ಲಿ ದಿನಕ್ಕೊಮ್ಮೆ ಮೌನದ ಅರ್ಧ ಗಂಟೆ ಅಂತ ಇದೆ. ಎಲ್ಲರೂ ಒಂದೊಂದು ಜಾಗ ಹುಡುಕಿಕೊಂಡು ಒಬ್ಬೊಬ್ಬರೇ ಸುಮ್ನೆ ಕೂರಬೇಕು. ಮೊದಲ ವರ್ಷ ನನಗೆ ಅದು ಶಿಕ್ಷೆ ಅನ್ನಿಸಿತ್ತು. ಕಣ್ಣು ಮುಚ್ಚಿದೆ, ದೇವರ ಜೊತೆ ಮಾತಾಡೋಣ ಅಂದುಕೊಂಡೆ. ದೇವರು ಬರಲಿಲ್ಲ, ಇರುವೆ ಬಂದವು. ಒಂದರ ಹಿಂದೆ ಒಂದು, ಬೇರಿನ ಮೇಲೆ ಉದ್ದ ಸಾಲು. ಬೇಜಾರಿಗೆ ಸಾಲಿನ ಅಡ್ಡಕ್ಕೆ ಬೆರಳಿನಿಂದ ಗಟ್ಟಿಯಾಗಿ ಒಂದು ಗೀಟು ಎಳೆದೆ. ಅಷ್ಟೇ, ಎರಡೂ ಕಡೆ ಇರುವೆಗಳು ನಿಂತವು, ಮೀಸೆ ಆಡಿಸಿದವು, ಹಿಂದೆ ಹೋದವು, ಸುತ್ತು ಹಾಕಿದವು. ಇರುವೆ ನಡೆಯುವಾಗ ನೆಲಕ್ಕೆ ವಾಸನೆ ಅಂಟಿಸಿಕೊಂಡು ಹೋಗುತ್ತದೆ, ಹಿಂದಿನವು ಆ ವಾಸನೆ ಹಿಡಿದು ಬರುತ್ತವೆ, ನಾನು ಅದನ್ನೇ ಒರೆಸಿಬಿಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಒಂದು ಧೈರ್ಯ ಮಾಡಿ ಗೀಟು ದಾಟಿತು, ಆಮೇಲೆ ಇನ್ನೊಂದು. ಸಾಲು ಮತ್ತೆ ಕೂಡಿಕೊಂಡಿತು. ಗಂಟೆ ಹೊಡೆದಾಗ ನನಗೆ ಏಳುವ ಮನಸ್ಸೇ ಇರಲಿಲ್ಲ. ಆ ಬೆರಳು ಯಾರದು ಅಂತ ಅವಕ್ಕೆ ಕೊನೆಗೂ ಗೊತ್ತಾಗಲಿಲ್ಲ ಅಲ್ವಾ, ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಪ್ರಕೃತಿ ಮತ್ತು ದೇವರು ಅಂದ ಕೂಡಲೇ ನಾವು ಸೂರ್ಯೋದಯ ತೋರಿಸುತ್ತೇವೆ. ನಾನೂ ತೋರಿಸಿದ್ದೇನೆ, ಹಿಂದೆ ಕೊಳಲು ಬೇರೆ ಹಾಕಿ. ಆ ವೀಡಿಯೊ ಈಗ ನೋಡಿದರೆ ನನಗೇ ನಾಚಿಕೆ. ಸೂರ್ಯೋದಯ ತೋರಿಸಿ ದೇವರಿದ್ದಾನೆ ಅನ್ನುವುದು ಸುಲಭದ ಕೆಲಸ. ನಾನು ಶಿಬಿರಕ್ಕೆ ಕಾಯುತ್ತಿರುವುದು ಒಂದು ಹುಳುವಿನಿಂದ.

ಹೋದ ವರ್ಷ, ಐದನೇ ದಿನ. ಒಂಬತ್ತು ವರ್ಷದ ಒಬ್ಬ ಹುಡುಗ ಓಡಿ ಬಂದ. "ಅಕ್ಕಾ, ಬೇಗ ಬನ್ನಿ, ಹುಳು ಮೊಟ್ಟೆ ಇಟ್ಟಿದೆ!" ಹೋಗಿ ನೋಡಿದರೆ ಎಲೆಯ ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಹಸಿರು ಹುಳು, ಮುಂದೆ ಪತಂಗ ಆಗಬೇಕಾದದ್ದು. ಅದರ ಬೆನ್ನ ತುಂಬ ಅಕ್ಕಿ ಕಾಳು ನೆಟ್ಟ ಹಾಗೆ ಬಿಳಿ ಬಿಳಿ. ನಾನೂ "ಹೌದು ಪುಟ್ಟಾ, ಮೊಟ್ಟೆ" ಅಂದುಬಿಟ್ಟೆ. ಗೊತ್ತಿಲ್ಲದಿದ್ದರೂ ಗೊತ್ತಿದ್ದವರ ಹಾಗೆ ಮಾತಾಡುವುದು ಅಕ್ಕಂದಿರ ರೋಗ. ಶಿಬಿರದ ಹಿರಿಯರೊಬ್ಬರು ಬಂದು ನೋಡಿ ತಿದ್ದಿದರು. ಅದು ಮೊಟ್ಟೆಯಲ್ಲ, ಒಂದು ಜಾತಿಯ ಚಿಕ್ಕ ಕಣಜದ ಮರಿಗಳು ಕಟ್ಟಿಕೊಂಡ ರೇಷ್ಮೆಗೂಡು. ತಾಯಿ ಕಣಜ ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿಗಳು ಒಳಗಿಂದಲೇ ಅದನ್ನು ತಿಂದು ಬೆಳೆದು, ಚರ್ಮ ತೂತು ಮಾಡಿ ಹೊರಗೆ ಬಂದು ಗೂಡು ನೇಯುತ್ತವೆ. ಹುಳು ಅಷ್ಟು ದಿನವೂ ಬದುಕಿಯೇ ಇರುತ್ತದೆ.

ಹುಡುಗ ಹುಳುವನ್ನೇ ನೋಡುತ್ತಿದ್ದ. ಅದು ತಲೆಯನ್ನು ಸ್ವಲ್ಪ ಎತ್ತಿ ಇಳಿಸಿತು.

"ಹಾಗಾದ್ರೆ ದೇವರು ಯಾರ ಕಡೆ?"

ಹಿರಿಯರು ಮೆತ್ತಗೆ, "ಆ ಕಣಜ ಇಲ್ಲದಿದ್ದರೆ ಹುಳುಗಳು ಗಿಡ ಪೂರ್ತಿ ಬೋಳಿಸಿಬಿಡುತ್ತಿದ್ದವು ಮಗು" ಅಂದರು. ಮಾತು ನಿಜವೇ, ಬೆಳೆಗೆ ಬೀಳುವ ಹುಳುಗಳನ್ನು ಹಿಡಿತದಲ್ಲಿಡಲು ಇಂಥ ಕಣಜಗಳನ್ನು ಸಾಕಿ ಬಿಡುವುದೂ ಉಂಟು. ಹುಡುಗ ಸ್ವಲ್ಪ ಯೋಚಿಸಿ, "ಅಂದ್ರೆ ಗಿಡದ ಕಡೆ. ಹುಳುವಿನ ಕಡೆ ಅಲ್ಲ" ಅಂದ. ಹಿರಿಯರು ನನ್ನ ಮುಖ ನೋಡಿದರು. ನಾನು ಮರ ನೋಡಿದೆ.

ಮನೆಗೆ ಬಂದ ಮೇಲೆ ಹುಡುಕಿ ಓದಿದೆ. ಚಾರ್ಲ್ಸ್ ಡಾರ್ವಿನ್ ಅವರನ್ನೂ ಇಂಥದ್ದೇ ಕಣಜಗಳು ಕಾಡಿದ್ದವು. ಕರುಣೆಯುಳ್ಳ, ಸರ್ವಶಕ್ತ ದೇವರು ಬೇಕೆಂದೇ ಇಂಥ ಜೀವಿಯನ್ನು ಮಾಡಿದ ಅಂತ ಒಪ್ಪಲು ತಮ್ಮಿಂದ ಆಗುತ್ತಿಲ್ಲ ಅನ್ನುವ ಅರ್ಥದಲ್ಲಿ 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಪತ್ರ ಬರೆದರು. ನನಗೆ ಇಷ್ಟ ಆಗಿದ್ದು ಗ್ರೇ. ಅವರು ದೇವರನ್ನು ನಂಬುವವರು, ಡಾರ್ವಿನ್ ಅವರ ವಿಕಾಸವಾದದ ಪರವಾಗಿ ಅಮೆರಿಕದಲ್ಲಿ ವಾದ ಮಾಡಿದವರೂ ಅವರೇ. ಎರಡನ್ನೂ ಬಿಡಲಿಲ್ಲ, ಗೆಳೆತನವನ್ನೂ ಬಿಡಲಿಲ್ಲ. ಇನ್ನೊಂದು ತಮಾಷೆ, ಮರುವರ್ಷವೇ, ಅಂದರೆ 1861ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನ ಮೇಷ್ಟ್ರು ಫ್ರೆಡ್ರಿಕ್ ಗನ್ ತಮ್ಮ ಶಾಲೆಯ ಹುಡುಗರನ್ನು ಸಮುದ್ರ ದಡದವರೆಗೂ ನಡೆಸಿಕೊಂಡು ಹೋಗಿ ಎರಡು ವಾರ ಟೆಂಟ್ ಹಾಕಿಸಿದರು, ಮೊದಲ ಬೇಸಿಗೆ ಶಿಬಿರ ಅಂತ ಜಾಸ್ತಿ ಜನ ಹೇಳುವುದು ಅದನ್ನೇ. ಆ ಹುಡುಗರೂ ಮೇಷ್ಟ್ರಿಗೆ ಏನೇನು ಕೇಳಿದ್ದರೋ.

ನನ್ನ ಪ್ರಾರ್ಥನೆ ಮೊದಲು ಸಾಮಾನಿನ ಚೀಟಿ ಥರ ಇರುತ್ತಿತ್ತು. ಪರೀಕ್ಷೆ, ಕೆಲಸ, ಅಮ್ಮನ ಮಂಡಿನೋವು. ಈಗಲೂ ಚೀಟಿ ಇದೆ, ಸುಳ್ಳು ಯಾಕೆ ಹೇಳಲಿ, ಆದರೆ ಕೊನೆಯಲ್ಲಿ ಹುಳುವಿನ ವಿಷಯ ಒಮ್ಮೆ ಎತ್ತುತ್ತೇನೆ. ಜಗಳದ ಥರವೇ ಎತ್ತುತ್ತೇನೆ. ನಂಬದೇ ಇದ್ದಿದ್ದರೆ ಯಾರ ಜೊತೆ ಜಗಳ ಆಡುತ್ತಿದ್ದೆ?

ಹುಳು ನೋಡಿದ ಅವತ್ತು ರಾತ್ರಿ ಬೆಂಕಿ ಆರಿಸಿ ಎಲ್ಲರೂ ಬಯಲಲ್ಲಿ ಮಲಗಿದೆವು. ಕಣ್ಣು ಕತ್ತಲೆಗೆ ಸರಿಯಾಗಿ ಒಗ್ಗಲು 20ರಿಂದ 30 ನಿಮಿಷ ಬೇಕು, ನಡುವೆ ಒಬ್ಬರು ಬಿಳಿ ಟಾರ್ಚ್ ಹಾಕಿದರೆ ಮತ್ತೆ ಮೊದಲಿಂದ. ಅದಕ್ಕೇ ಟಾರ್ಚಿಗೆಲ್ಲ ಕೆಂಪು ಹಾಳೆ ಕಟ್ಟಿರುತ್ತೇವೆ. ಸಪ್ತರ್ಷಿಯ ಬಾಲದ ಬಾಗು ಹಿಡಿದು ಮುಂದೆ ಹೋದರೆ ಸ್ವಾತಿ ನಕ್ಷತ್ರ ಸಿಗುತ್ತದೆ, ಸ್ವಲ್ಪ ಕಿತ್ತಳೆ ಬಣ್ಣ. ಅದರ ಬೆಳಕು ಇಲ್ಲಿಗೆ ಬರಲು ಸುಮಾರು 37 ವರ್ಷ ಬೇಕು. ನಾನು ಹುಟ್ಟುವ ಮೊದಲೇ ಹೊರಟ ಬೆಳಕು ಅದು. ತೀರಾ ಮಂಕಾದ ಚುಕ್ಕಿಗೆ ಇನ್ನೊಂದು ಉಪಾಯ ಇದೆ, ಅದನ್ನು ನೇರ ನೋಡಬಾರದು, ಸ್ವಲ್ಪ ಪಕ್ಕಕ್ಕೆ ನೋಡಬೇಕು, ಯಾಕೆಂದರೆ ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ. ನಮ್ಮ ಹುಡುಗನಿಗೆ ಇದು ಭಾರಿ ಮಜಾ. "ನೇರ ನೋಡಿದ್ರೆ ಹೋಗುತ್ತೆ ಅಕ್ಕಾ, ಪಕ್ಕ ನೋಡಿದ್ರೆ ಬರುತ್ತೆ!" ಇಪ್ಪತ್ತು ಸಲ ಮಾಡಿ ಇಪ್ಪತ್ತು ಸಲ ನಕ್ಕ. ದೇವರೂ ಹೀಗೇ ಕಣೋ ಅಂತ ಒಂದು ಡೈಲಾಗ್ ಹೊಡೆಯಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ನುಂಗಿಕೊಂಡೆ.

ಈ ವರ್ಷದ ಮಕ್ಕಳ ಪಟ್ಟಿ ಮೊನ್ನೆ ಬಂತು. ಅವನ ಹೆಸರು ಇದೆ. ಉತ್ತರ ನನ್ನ ಹತ್ತಿರ ಇನ್ನೂ ಇಲ್ಲ, ಅವನು ಕೇಳಿಯೇ ಕೇಳುತ್ತಾನೆ. ಇಗೋ, ಇದು ನೋಡಿ, ಹೊಸ ಭೂತಗನ್ನಡಿ. ಬೇರೆಲ್ಲ ಒಳಗೆ ಹೋದರೂ ಇದು ಮಾತ್ರ ಹೊರಗಿನ ಜೇಬಿನಲ್ಲಿ. ಕೆಂಪು ಹಾಳೆ ಸಿಕ್ಕಿದೆ. ಅದನ್ನು ಟಾರ್ಚಿಗೆ ಕಟ್ಟುವ ರಬ್ಬರ್ ಬ್ಯಾಂಡ್ ಈ ರಾಶಿಯಲ್ಲೇ ಎಲ್ಲೋ ಇದೆ, ಇರಿ, ಕ್ಯಾಮೆರಾ ಇಟ್ಟು ಹುಡುಕುತ್ತೇನೆ.