ಮಾಂಸ ನೋಡಬೇಡಿ, ಮಸಾಲೆ ನೋಡಿ

ಎಲ್ಲರಿಗೂ ನಮಸ್ಕಾರ. ನಂದಿ ಬೆಟ್ಟದ ತಪ್ಪಲು, ದೊಡ್ಡಬಳ್ಳಾಪುರದ ಗ್ರೋವರ್ ದ್ರಾಕ್ಷಿತೋಟ, 1988ರಿಂದ ಈಚಿನ ಅದರ ವೈನ್ ಕಥೆ ನಿಮಗೆಲ್ಲ ಗೊತ್ತಿರೋದೇ. ಹಾಗಾಗಿ ನೇರ ಊಟಕ್ಕೆ, ನಮ್ಮ ಯಾವ ಅಡುಗೆಗೆ ಯಾವ ವೈನ್ ಅನ್ನೋದಕ್ಕೆ ಬರ್ತೀನಿ.

ಮಾಂಸಕ್ಕೆ ಕೆಂಪು ವೈನ್, ಮೀನಿಗೆ ಬಿಳಿ ವೈನ್. ಈ ಸೂತ್ರ ಉಪ್ಪು ಸವರಿ ಬೆಂಕಿಯಲ್ಲಿ ಸುಟ್ಟು ತಿನ್ನೋ ಜನರದ್ದು. ನಮ್ಮ ಬಾಡೂಟದಲ್ಲಿ ರುಚಿ ನಿಂತಿರೋದು ಬಾಡಿನ ಮೇಲಲ್ಲ, ಸಾರಿನ ಮೇಲೆ. ಗುಂಟೂರು ಮೆಣಸಿನಕಾಯಿ ಅರೆದು ಹಾಕಿದ ಮಟನ್ ಸಾರಿನ ಜೊತೆ ಗ್ರೋವರ್‌ನ ಲಾ ರಿಸರ್ವ್ ಕುಡಿದು ನೋಡಿ. ಅದು ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿ ಬೆರೆತ, ಓಕ್ ಪೀಪಾಯಿಯಲ್ಲಿ ಮಾಗಿದ ಕೆಂಪು. ಅದರ ಆಲ್ಕೋಹಾಲ್ ಖಾರವನ್ನು ಕೆದಕುತ್ತೆ, ಒಗರು ನಾಲಿಗೆ ಒಣಗಿಸುತ್ತೆ, ಹಣ್ಣಿನ ರುಚಿ ಕಾಣೆಯಾಗುತ್ತೆ. ಅದೇ ಸಾರಿಗೆ ಬಣ್ಣ ಕೊಡೋ ಬ್ಯಾಡಗಿ ಮುಂದೆ ಮಾಡಿ, ಖಾರದ ಕಾಯಿ ಎರಡಕ್ಕೆ ಇಳಿಸಿ. ಕೆಂಪು ವೈನ್ ಸಲೀಸಾಗಿ ಕೂರುತ್ತೆ. ಬಾಡು ಬದಲಾಗಿಲ್ಲ, ಮೆಣಸಿನಕಾಯಿ ಬದಲಾಯ್ತು ಅಷ್ಟೇ. (ಮುದ್ದೆ ನುಂಗೋವಾಗ ಮಾತ್ರ ಗುಟುಕು ಬೇಡ, ಎರಡಕ್ಕೂ ಒಂದೇ ದಾರಿ!)

ಕೊಡಗಿನ ಪಂದಿ ಕರಿ ಕೆಂಪಿಗೆ ಹೇಳಿ ಮಾಡಿಸಿದ್ದು. ಅಲ್ಲಿ ಕಪ್ಪಗೆ ಹುರಿದ ಮಸಾಲೆ, ಕಾಳುಮೆಣಸು, ಕೊಬ್ಬು. ಶಿರಾಜ್‌ನಲ್ಲೇ ಕಾಳುಮೆಣಸಿನ ವಾಸನೆ ಇದೆ, ಒಗರನ್ನು ಕೊಬ್ಬು ಮೆತ್ತಗೆ ಮಾಡುತ್ತೆ. ಕಾಚಂಪುಳಿ, ಅಂದರೆ ಅದಕ್ಕೆ ಹಾಕೋ ಕೊಡಗಿನ ಕಪ್ಪು ಹುಳಿ, ಮಾತ್ರ ಹಿಡಿತದಲ್ಲಿರಲಿ, ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ಸಪ್ಪೆ.

ಕೋರಿ ಗಸ್ಸಿ, ನೀರ್ ದೋಸೆಗೆ ವಿಯೋನಿಯೇ ಅನ್ನೋ ಬಿಳಿ ವೈನ್. ಏಪ್ರಿಕಾಟ್ ಪರಿಮಳ ತೆಂಗಿನ ಹಾಲಿಗೆ ಹೊಂದುತ್ತೆ. ಕೋಳಿನೂ ಮಾಂಸವೇ ಅಲ್ವಾ ಅಂತೀರಾ? ಮಸಾಲೆ ನೋಡಿ ಸ್ವಾಮಿ. ರವೆ ಹಚ್ಚಿ ಹುರಿದ ಅಂಜಲ್ ಮೀನಿಗೆ ಇನ್ನೊಂದು ಬಿಳಿ, ಸೋವಿನ್ಯೋ ಬ್ಲಾಂಕ್, ನಿಂಬೆಹಣ್ಣು ಹಿಂಡಿದ ಹಾಗೆ. ಕೆಂಪು ವೈನಿನ ಕಬ್ಬಿಣದ ಅಂಶ ಮೀನಿನ ಕೊಬ್ಬಿಗೆ ಸೇರಿದರೆ ಬಾಯೆಲ್ಲ ನೀಚು ವಾಸನೆ.

ಇನ್ನು ಕೆಂಪನ್ನು "ರೂಂ ಟೆಂಪರೇಚರ್"ನಲ್ಲೇ ಕುಡಿಯಬೇಕು ಅನ್ನೋ ಮಾತು. ನಮ್ಮ ಮನೆಗಳಲ್ಲಿ ಇದೊಂದು ನಾಟಕ. ಉಡುಗೊರೆ ಬಂದ ಬಾಟಲಿ ಟಿವಿ ಪಕ್ಕದ ಶೋಕೇಸಿನಲ್ಲಿ, ನೆತ್ತಿಯ ಮೇಲೆ ಬಲ್ಬ್, ಆರು ತಿಂಗಳು ನಿಂತೇ ಇರುತ್ತೆ. ಬಿರಡೆ ಒಣಗಿ ಗಾಳಿ ಒಳಗೆ ಹೋಗಿರುತ್ತೆ. ಏಪ್ರಿಲ್‌ನಲ್ಲಿ ನೆಂಟರು ಬಂದಾಗ ಧೂಳು ಒರೆಸಿ, ಕೆಂಪು ವೈನನ್ನು ಫ್ರಿಜ್‌ನಲ್ಲಿ ಇಡಬಾರದಂತೆ ಅಂತ ಹೇಳಿ, 30 ಡಿಗ್ರಿಯಲ್ಲಿ ಬಗ್ಗಿಸ್ತಾರೆ. ಮೂಗಿಗೆ ಮೊದಲು ಹೊಡೆಯೋದು ಸ್ಪಿರಿಟ್. ನೆಂಟರು ಪಾಪ, "ಸ್ಟ್ರಾಂಗ್ ಇದೆ" ಅಂತ ಹೊಗಳ್ತಾರೆ. ಆ ಮಾತಿನ ರೂಂ ಯುರೋಪಿನ ಕಲ್ಲುಮನೆ, 16ರಿಂದ 18 ಡಿಗ್ರಿ. ನಮ್ಮಲ್ಲಿ ಕೆಂಪನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಳಿಗೆ 8ರಿಂದ 10. ಅವಸರವಾದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು. ಕಾಲು ಗಂಟೆ ಸಾಕು. ಫ್ರೀಜರ್ ಬೇಡ, ಮರೆತರೆ ವೈನ್ ಹಿಗ್ಗಿ ಬಿರಡೆ ತಳ್ಳುತ್ತೆ.

ಚೀಟಿ ಬಂತು, ಎರಡೇ ನಿಮಿಷ ಅಂತೆ. ಬಿಸಿಬೇಳೆಬಾತಿಗೆ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್. ಹೋಳಿಗೆಗೆ ಈ ಯಾವುದೂ ಬೇಡ, ವೈನ್ ಹೋಳಿಗೆಗಿಂತ ಸಿಹಿ ಇರದಿದ್ದರೆ ಬರೀ ಹುಳಿ. 750 ಮಿಲಿ ಬಾಟಲಿಯಲ್ಲಿ ಐದು ಗ್ಲಾಸ್ ಲೆಕ್ಕ ಇಟ್ಕೊಳ್ಳಿ. ಉಳಿದದ್ದು ಬಿರಡೆ ಹಾಕಿ ಫ್ರಿಜ್‌ಗೆ, ಮೂರು ದಿನ. ಕೆಳಗೆ ಊಟ ಶುರುವಾಗಿದೆ. ರೋಸೆ ಐಸಿನಲ್ಲಿದೆ, ಕೆಂಪನ್ನು ಈಗಷ್ಟೇ ಫ್ರಿಜ್‌ನಿಂದ ತೆಗೆದಿದ್ದಾರೆ.