ಬೆನ್ನ ಮೇಲಿನ ಬಟ್ಟೆಯ ತುಂಡು

ಕೇಳುಗರಿಗೆ ನಮಸ್ಕಾರ.

ಭಾನುವಾರದ ಬೆಳಗಿನ ಜಾವ ಮೈಸೂರಿನ ಹೊರವರ್ತುಲ ರಸ್ತೆಯ ಅಂಚಿನಲ್ಲೋ ಶ್ರೀರಂಗಪಟ್ಟಣದ ಯಾವುದಾದರೂ ಹೋಟೆಲಿನ ಮುಂದೋ ಹತ್ತಿಪ್ಪತ್ತು ಮೋಟಾರ್‌ಸೈಕಲ್ಲುಗಳು ಸಾಲಾಗಿ ನಿಂತಿರುವುದನ್ನೂ, ಅವುಗಳ ಸವಾರರು ಅಂಗಿಯ ಮೇಲೆ ತೋಳಿಲ್ಲದ ಜಾಕೆಟ್ ತೊಟ್ಟು ಇಡ್ಲಿ ತಿನ್ನುತ್ತಿರುವುದನ್ನೂ ನೀವು ನೋಡಿರಬಹುದು. ಆ ಜಾಕೆಟ್ಟಿಗೆ ಸವಾರರು ವೆಸ್ಟ್ ಎನ್ನುತ್ತಾರೆ, ಅದರ ಮೇಲೆ ಹೊಲಿದ ಕಸೂತಿಯ ತುಂಡುಗಳಿಗೆ ಪ್ಯಾಚ್ ಎನ್ನುತ್ತಾರೆ. ನೋಡುವವರಿಗೆ ಅದು ಶೋಕಿ. ತೊಟ್ಟವರಿಗೆ ಏನು ಎಂಬುದೇ ಇಂದಿನ ನನ್ನ ವಿಷಯ.

ಮೊದಲ ಪ್ಯಾಚ್ ಹೊಲಿಸಲು ನಾನು ಅಶೋಕ ರಸ್ತೆಯ ಸಮೀಪದ ಒಬ್ಬ ದರ್ಜಿಯ ಬಳಿ ಹೋಗಿದ್ದೆ. ದಪ್ಪ ಜೀನ್ಸ್ ಬಟ್ಟೆಗೆ ತಕ್ಕ ಸೂಜಿಯನ್ನು ಮಿಷನ್ನಿಗೆ ಹಾಕುತ್ತ ಅವರು, "ಬಿಚ್ಚೋ ಹಂಗೆ ಹೊಲೀಲಾ, ಬಿಚ್ಚದೇ ಇರೋ ಹಂಗೆ ಹೊಲೀಲಾ?" ಎಂದು ಕೇಳಿದರು. ಒಗೆಯುವಾಗಿನ ಅನುಕೂಲಕ್ಕೆ ಕೇಳುತ್ತಿದ್ದಾರೆಂದುಕೊಂಡು, ಗಟ್ಟಿಯಾಗಿಯೇ ಹೊಲಿಯಿರಿ ಎಂದೆ.

ಈ ಪದ್ಧತಿ ನಮ್ಮದಲ್ಲ, ಅಮೆರಿಕದ್ದು. ಅಲ್ಲಿನ ಕೆಲವು ಹಳೆಯ ಕ್ಲಬ್ಬುಗಳಲ್ಲಿ ಬೆನ್ನಿನ ಗುರುತು ಮೂರು ತುಂಡುಗಳಲ್ಲಿರುತ್ತದೆ: ಮೇಲಿನ ಕಮಾನಿನಲ್ಲಿ ಕ್ಲಬ್ಬಿನ ಹೆಸರು, ನಡುವೆ ಅದರ ಚಿಹ್ನೆ, ಕೆಳಗಿನ ಕಮಾನಿನಲ್ಲಿ ಊರಿನ ಅಥವಾ ರಾಜ್ಯದ ಹೆಸರು. ಹೊಸಬನಿಗೆ ಮೂರೂ ಒಟ್ಟಿಗೆ ಸಿಗುವುದಿಲ್ಲ. ಅವನು ತಿಂಗಳುಗಟ್ಟಲೆ ಉಮೇದುವಾರನಾಗಿದ್ದು, ಹೇಳಿದ ಕೆಲಸ ಮಾಡಿ, ಹಳಬರೆಲ್ಲ ಒಪ್ಪಿದ ಮೇಲೆಯೇ ಬೆನ್ನು ತುಂಬುತ್ತದೆ. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯದ ಹಾಲಿಸ್ಟರ್ ಎಂಬ ಊರಿನಲ್ಲಿ ಸವಾರರ ಗದ್ದಲ ನಡೆದು ದೇಶವಿಡೀ ಸುದ್ದಿಯಾಯಿತು. ಸವಾರರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಕಾನೂನು ಪಾಲಿಸುವವರೇ ಎಂದು ಅಲ್ಲಿನ ಮೋಟಾರ್‌ಸೈಕಲ್ ಸಂಘ ಆಗ ಹೇಳಿತೆಂಬ ಪ್ರತೀತಿ ಹುಟ್ಟಿತು. ಅಂಥ ಹೇಳಿಕೆ ತನ್ನ ದಾಖಲೆಗಳಲ್ಲಿ ಇಲ್ಲವೆಂದು ಸಂಘವೇ ಹೇಳಿದರೂ, ಉಳಿದ ಆ ಒಬ್ಬರು ನಾವೇ ಎಂದು ಕೆಲವು ಕ್ಲಬ್ಬುಗಳು ಶೇಕಡ ಒಂದರ ಗುರುತನ್ನು ಎದೆಯ ಮೇಲೆ ಹೊಲಿಸಿಕೊಂಡವು. ನಮ್ಮ ಹುಡುಗರಲ್ಲಿ ಕೆಲವರು ಇದನ್ನು ಚಂದಕ್ಕೆಂದು ಕೊಂಡು ಅಂಟಿಸಿಕೊಳ್ಳುವುದನ್ನು ನೋಡಿದ್ದೇನೆ. ಕೆಳಗಿನ ಕಮಾನಿನಲ್ಲಿ ಊರಿನ ಹೆಸರು ಬರೆಸುವುದು ಅಲ್ಲಿಯವರ ಕಣ್ಣಿಗೆ ಊರಭಿಮಾನವಾಗಿ ಕಾಣುವುದಿಲ್ಲ, ಈ ಪ್ರದೇಶ ನಮ್ಮದು ಎಂಬ ಹಕ್ಕೊತ್ತಾಯವಾಗಿ ಕಾಣುತ್ತದೆ. ವಿದೇಶಕ್ಕೆ ವೆಸ್ಟ್ ಕೊಂಡೊಯ್ಯುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಮೈಸೂರಿನ ಸವಾರರಿಗೆ ಗೌರವ ಅಳೆಯಲು ಅಮೆರಿಕದ ಕೋಲು ಬೇಕಾಗಿರಲಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಜಾವಾಗಳೂ, 1973ರಿಂದ ಯೆಜ್ಡಿ ಎಂಬ ಹೆಸರು ಹೊತ್ತ ಬೈಕುಗಳೂ ಈ ಊರಿನ ಬೀದಿಬೀದಿಯಲ್ಲಿ ಡುಗುಡುಗು ಎನ್ನುತ್ತಿದ್ದ ಕಾಲದಲ್ಲಿ, ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆಯುವ ವಿದ್ಯೆ ಬಲ್ಲವನು, ಪೆಟ್ರೋಲಿಗೆ ಆಯಿಲನ್ನು ಹದವಾಗಿ ಬೆರೆಸಬಲ್ಲವನು, ನಡುದಾರಿಯಲ್ಲಿ ನಿಂತ ಗಾಡಿಯ ಪಾಯಿಂಟ್ ಉಜ್ಜಿ ಮತ್ತೆ ಓಡಿಸಬಲ್ಲವನು ತಾನಾಗಿಯೇ ಹಿರಿಯನಾಗುತ್ತಿದ್ದ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಹಿರಿಯರು ಇನ್ನೂ ಇದ್ದಾರೆ. ಜುಲೈ ತಿಂಗಳ ಎರಡನೆಯ ಭಾನುವಾರದ ಜಾವಾ ಯೆಜ್ಡಿ ದಿನದಂದು ಅವರನ್ನು ನೋಡಬೇಕು: ಮೈಮೇಲೆ ಬಿಳಿಯ ಶರ್ಟು, ಉಗುರಿನಲ್ಲಿ ಗ್ರೀಸು.

ನಮ್ಮ ಗುಂಪಿನ ಪ್ಯಾಚಿನಲ್ಲಿ ಆನೆಯ ಮುದ್ರೆಯಿದೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ನಡುಪಥಗಳಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ ನಾವು ಸರ್ವಿಸ್ ರಸ್ತೆಯಲ್ಲೇ, ಊರುಗಳ ಮಗ್ಗುಲಿನಲ್ಲೇ ಹೋಗಬೇಕು. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಬಳಿ ನಮ್ಮವನೊಬ್ಬ ಕಬ್ಬಿನ ಗಾಡಿಯ ಪಕ್ಕದಲ್ಲಿ ಸೈಲೆನ್ಸರ್ ಅಬ್ಬರಿಸಿ ನುಗ್ಗಿದ. ಎತ್ತುಗಳು ಬೆದರಿ ಗಾಡಿ ಚರಂಡಿಗೆ ವಾಲಿತು. ಮುಂದಿನ ತಿಂಗಳು ಅದೇ ಊರಿನಲ್ಲಿ ಟೀ ಕುಡಿಯಲು ನಿಂತಾಗ, ಅಂದು ನಮ್ಮ ಜೊತೆಗೇ ಇರದಿದ್ದ ಹುಡುಗನೊಬ್ಬನ ಬೆನ್ನು ನೋಡಿ ಅಂಗಡಿಯವರು, "ಆನೆ ಗುಂಪ್ನೋರಾ? ಮುಂದಿನ ಅಂಗ್ಡೀಗೆ ಹೋಗಿ ಸ್ವಾಮಿ" ಎಂದರು. ನಂಬರ್ ಪ್ಲೇಟು ಯಾರಿಗೂ ನೆನಪಿರಲಿಲ್ಲ, ಆನೆ ನೆನಪಿತ್ತು. ಒಬ್ಬನ ಸಾಲ ಎಲ್ಲರ ಖಾತೆಗೆ ಬರುತ್ತದೆಂಬುದು ಆ ದಿನ ನಮಗೆ ಅರ್ಥವಾಯಿತು. ಅಂದಿನಿಂದ ಹೊಸಬರಿಗೆ ಆರು ತಿಂಗಳವರೆಗೆ ಆನೆಯಿಲ್ಲ. ತಪ್ಪಿದವರ ಆನೆಯನ್ನು ಬಿಚ್ಚಿಸಿಕೊಳ್ಳುವುದೂ ಉಂಟು. ದರ್ಜಿಯ ಪ್ರಶ್ನೆಯ ತೂಕ ಗೊತ್ತಾದದ್ದು ಆಗ.

ನನಗೆ ಅದು ಇನ್ನೂ ಚೆನ್ನಾಗಿ ಗೊತ್ತಾದದ್ದು ನನ್ನದೇ ತಪ್ಪಿನಿಂದ. ಎದೆಯ ಬಲಭಾಗದಲ್ಲಿ ನಾನು ಲಡಾಖಿನ ಖಾರ್ದುಂಗ್ ಲಾ ಎಂಬ ಎತ್ತರದ ಕಣಿವೆದಾರಿಯ ಪ್ಯಾಚ್ ಹೊಲಿಸಿಕೊಂಡಿದ್ದೆ. ಲೇಹ್‌ಗೆ ವಿಮಾನದಲ್ಲಿ ಹೋಗಿಬಂದ ತಂಗಿಯ ಮಗ ಪೇಟೆಯಲ್ಲಿ ಕೊಂಡು ತಂದದ್ದು ಅದು. ಮಂಡ್ಯದ ಹಿರಿಯ ಸವಾರರೊಬ್ಬರು ಒಮ್ಮೆ ಅದನ್ನು ದಿಟ್ಟಿಸಿ, "ಮನಾಲಿ ಕಡೆಯಿಂದ ಹತ್ತಿದ್ರಾ, ಶ್ರೀನಗರದ ಕಡೆಯಿಂದ್ಲಾ?" ಎಂದು ಸಹಜವಾಗಿ ವಿಚಾರಿಸಿದರು. ನಾನು ತಡವರಿಸಿದೆ. ಅವರು ಮತ್ತೇನನ್ನೂ ಕೇಳಲಿಲ್ಲ, ಕಾಫಿ ಆರುತ್ತದೆ ಕುಡಿಯಿರಿ ಎಂದರು. ಅಷ್ಟೇ. ತಮಾಷೆಯೆಂದರೆ, ಆ ಪ್ಯಾಚಿನಲ್ಲಿದ್ದ 18,380 ಅಡಿ ಎಂಬ ಎತ್ತರವೂ ಸುಳ್ಳೇ. ಕಣಿವೆಯ ಫಲಕದಲ್ಲಿ ಬಹುಕಾಲ ಹಾಗೆ ಬರೆದಿದ್ದರೂ ಅದರ ನಿಜವಾದ ಎತ್ತರ ಸುಮಾರು 17,582 ಅಡಿ.

ಬಿಚ್ಚಿಸಲು ಹೋದಾಗ ದರ್ಜಿ ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕತ್ತರಿಸಬೇಕಾಯಿತು, ಗಟ್ಟಿಯಾಗಿ ಹೊಲಿಯಲು ಹೇಳಿದವನು ನಾನೇ ತಾನೆ. ಬಿಸಿಲಿಗೆ ಮಾಸಿದ ವೆಸ್ಟಿನ ಮೇಲೆ ಆ ಜಾಗ ಮಾತ್ರ ಕಡುನೀಲಿಯಾಗಿ ಉಳಿಯಿತು. ಕೇಳಿದವರಿಗೆಲ್ಲ ಕತೆಯನ್ನು ಹೇಳುತ್ತೇನೆ.

ವರ್ಷವೊಂದು ಕಳೆದ ಮೇಲೆ ಅದೇ ಹಿರಿಯರು ಒಂದು ರೈಡಿನಲ್ಲಿ ನನ್ನನ್ನು ಎಲ್ಲರ ಕೊನೆಯಲ್ಲಿ ಬರುವ ಸ್ವೀಪ್ ಆಗಿ ನಿಲ್ಲಿಸಿದರು. ಸ್ವೀಪ್ ಎಂದರೆ ಹಿಂದುಳಿದವರನ್ನು ಬಿಟ್ಟು ಹೋಗಬಾರದವನು. ಪಂಕ್ಚರ್ ಸಾಮಾನು, ವೈರು, ಸ್ಪ್ಯಾನರು ಅವನ ಚೀಲದಲ್ಲಿರಬೇಕು. ಗೆಜ್ಜಲಗೆರೆಯ ಬಳಿ ಒಂದು ಯೆಜ್ಡಿಯ ಕ್ಲಚ್ ವೈರು ತುಂಡಾಯಿತು. ಅದನ್ನು ಬದಲಿಸಿ, ಕೈ ಒರೆಸಿಕೊಂಡು, ಆ ಹುಡುಗನನ್ನು ಮುಂದೆ ಬಿಟ್ಟು ನಾನು ಮದ್ದೂರು ಸೇರುವಷ್ಟರಲ್ಲಿ ಎಲ್ಲರದ್ದೂ ತಿಂಡಿ ಮುಗಿದು ಬಹಳ ಹೊತ್ತಾಗಿತ್ತು. ಆದರೂ ಯಾರೊಬ್ಬರೂ ಗಾಡಿ ಹತ್ತಿರಲಿಲ್ಲ. ನಮ್ಮಿಬ್ಬರ ಪಾಲಿನ ವಡೆಗಳನ್ನು ಕಾಗದದಲ್ಲಿ ಕಟ್ಟಿಸಿ ಹಿರಿಯರು ತಮ್ಮ ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡು ಕೂತಿದ್ದರು.

ನಮಸ್ಕಾರ.